ತೊಟ್ಟಿಯೊಳಗಿನ ಕಡೆಗೋಲು

ಮೊಸರು ಕಡೆಯುವುದನ್ನು ನೋಡುತ್ತ ಬೆಳೆದವರಿಗೆ ಅಮೆರಿಕದ ಬಟ್ಟೆ ಒಗೆಯುವ ಯಂತ್ರದ ಒಳಗುಟ್ಟನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಕಡೆಗೋಲು ಬೀಸುವ ಕಲ್ಲಿನಂತೆ ಒಂದೇ ದಿಕ್ಕಿಗೆ ಸುತ್ತುವುದಿಲ್ಲ. ಹಗ್ಗದ ಒಂದು ತುದಿ ಎಳೆದರೆ ಆ ಕಡೆಗೆ, ಇನ್ನೊಂದು ತುದಿ ಎಳೆದರೆ ಈ ಕಡೆಗೆ ತಿರುಗುತ್ತದೆ. ಮೇಲಿನಿಂದ ಬಟ್ಟೆ ಹಾಕುವ ಅಲ್ಲಿನ ಯಂತ್ರಗಳ ತೊಟ್ಟಿಯ ನಡುವೆ ಕಂಬದಂತೆ ನಿಂತಿರುವ, ಬುಡದಲ್ಲಿ ರೆಕ್ಕೆಗಳಿರುವ ಸಾಧನವೂ ಹೀಗೆಯೇ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಅದರ ಹೆಸರು ಅಜಿಟೇಟರ್. ನಮ್ಮ ಮನೆಗಳ ಎರಡು ತೊಟ್ಟಿಯ ಯಂತ್ರದಲ್ಲಿ ತಳಕ್ಕೆ ತಟ್ಟೆಯಂತೆ ಕೂತಿರುವ ಪಲ್ಸೇಟರ್ ಅದರ ದೂರದ ದಾಯಾದಿ.

ಒಂದು ಕಂಪನಿಯ ಯಂತ್ರದ ಅಜಿಟೇಟರನ್ನು ಕಿತ್ತು ಇನ್ನೊಂದು ಕಂಪನಿಯ ಯಂತ್ರಕ್ಕೆ ಹಾಕಬಹುದೇ? ಮೇಲುನೋಟಕ್ಕೆ ಇದು ರಿಪೇರಿಯವರ ಪ್ರಶ್ನೆ. ಆದರೆ ಇಪ್ಪತ್ತೆಂಟು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ಚಾಲುಕ್ಯರ, ಹೊಯ್ಸಳರ ವಂಶಾವಳಿ ಬರೆಸುತ್ತ ಬಂದಿರುವ ನನಗೆ ಇದು ಇತಿಹಾಸದ ಪ್ರಶ್ನೆಯಾಗಿ ಕಾಣುತ್ತದೆ. ಯಂತ್ರಗಳಿಗೂ ವಂಶಾವಳಿ ಇದೆ. ಅದು ಮುಚ್ಚಳದ ಮೇಲೆ ಬರೆದ ಹೆಸರಿನಲ್ಲಿ ಸಿಗುವುದಿಲ್ಲ. ಅಜಿಟೇಟರ್ ಕೂರುವ ಉಕ್ಕಿನ ದಂಡದ ಹಲ್ಲುಗಳಲ್ಲಿ ಸಿಗುತ್ತದೆ.

ಮೊದಮೊದಲು ಯಂತ್ರ ಮಾಡಿದವರು ಹೆಂಗಸರ ಕೈಯನ್ನೇ ಅನುಕರಿಸಲು ಹೋದರು. ನಾವು ಕಲ್ಲಿನ ಮೇಲೆ ಕುಕ್ಕಿ ಒಗೆದಂತೆ ಅಲ್ಲಿಯ ಹೆಂಗಸರು ಗೀರುಗಳಿದ್ದ ಹಲಗೆಯ ಮೇಲೆ ಬಟ್ಟೆ ಉಜ್ಜುತ್ತಿದ್ದರು. ಹಾಗೆ ಉಜ್ಜುವ ಯಂತ್ರಗಳು ಬಂದವು. ಆಮೇಲೆ ಮರದ ತೊಟ್ಟಿಯ ಮುಚ್ಚಳಕ್ಕೆ ಕಾಲುಮಣೆಯಂಥದೊಂದನ್ನು ತಲೆಕೆಳಗಾಗಿ ಜೋಡಿಸಿ, ಅದರ ಕಾಲುಗಳು ಬಟ್ಟೆಯನ್ನು ನೀರಿನಲ್ಲಿ ಎಳೆದಾಡುವಂತೆ ಮಾಡಿದರು. ಎರಡರಲ್ಲೂ ಕೊಳೆ ಹೋಗುವಷ್ಟೇ ಬೇಗ ಬಟ್ಟೆಯೂ ಹೋಗುತ್ತಿತ್ತು.

ಅಯೋವಾ ರಾಜ್ಯದಲ್ಲಿ ನ್ಯೂಟನ್ ಎಂಬ ಸಣ್ಣ ಊರಿದೆ. ಅಲ್ಲಿ 1893ರಲ್ಲಿ ಬೇಸಾಯದ ಸಲಕರಣೆ ಮಾಡಲು ಹುಟ್ಟಿದ ಕಂಪನಿ ಮೇಟ್ಯಾಗ್. 1907ರಲ್ಲಿ ಅದು ಬಟ್ಟೆ ಒಗೆಯುವ ಯಂತ್ರಕ್ಕೂ ಕೈಹಾಕಿತು. ಆಗ ಹಳ್ಳಿಗಳಲ್ಲಿ ವಿದ್ಯುತ್ತಿರಲಿಲ್ಲ. 1930ರ ದಶಕದ ನಡುವಿನಲ್ಲಿಯೂ ಅಮೆರಿಕದ ಹತ್ತು ರೈತ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ತಿತ್ತು ಎಂದರೆ ನಮ್ಮ ಹೊಸ ಪೀಳಿಗೆ ನಂಬಲಿಕ್ಕಿಲ್ಲ. ಅಂಥ ಮನೆಗಳಿಗಾಗಿ ಮೇಟ್ಯಾಗ್ ಯಂತ್ರದ ಕೆಳಗೆ ಪೆಟ್ರೋಲಿನ ಎಂಜಿನ್ ಇಟ್ಟಿತು. ರೈತನ ಹೆಂಡತಿ ಮೋಟಾರ್ ಸೈಕಲ್ಲಿಗೆ ಒದೆಯುವಂತೆ ಕಾಲಿನಿಂದ ಒದ್ದು ಅದನ್ನು ಚಾಲೂ ಮಾಡುತ್ತಿದ್ದಳು.

1922ರಲ್ಲಿ ಅದೇ ಕಂಪನಿಯ ಹೊವರ್ಡ್ ಸ್ನೈಡರ್ ಕಾಲುಮಣೆಯನ್ನು ಮುಚ್ಚಳದಿಂದ ಇಳಿಸಿ ತೊಟ್ಟಿಯ ತಳಕ್ಕೆ ತಂದ. ಎಷ್ಟು ಸಣ್ಣ ಮಾತು ಎನಿಸುತ್ತದೆ, ಅಲ್ಲವೇ? ಆದರೆ ತಳದಲ್ಲಿ ರೆಕ್ಕೆಗಳು ಆಡತೊಡಗಿದಾಗ ಬಟ್ಟೆಯನ್ನು ಎಳೆದಾಡುವ ಅಗತ್ಯವೇ ಉಳಿಯಲಿಲ್ಲ. ನೀರೇ ಬಟ್ಟೆಯ ಎಳೆ ಎಳೆಯೊಳಗೆ ನುಗ್ಗಿ ಹೊರಬರುತ್ತಿತ್ತು. ಎರಕದ ಅಲ್ಯೂಮಿನಿಯಂ ತೊಟ್ಟಿಯ ಆ ಯಂತ್ರಕ್ಕೆ ಗೈರಾಫೋಮ್ ಎಂದು ಹೆಸರಿಟ್ಟರು. ಅದು ಎಷ್ಟು ಮಾರಾಟವಾಯಿತೆಂದರೆ ಕಂಪನಿ ಬೇಸಾಯದ ಸಲಕರಣೆಗಳನ್ನೇ ಕೈಬಿಟ್ಟಿತು. ಅಜಿಟೇಟರಿನ ಮನೆತನದಲ್ಲಿ ದೊಡ್ಡ ಶಾಖೆಯೊಂದು ಹೀಗೆ ನ್ಯೂಟನ್ ಊರಿನಲ್ಲಿ ಬೇರೂರಿತು.

ಇನ್ನೊಂದು ಶಾಖೆಯದು ಮಿಷಿಗನ್ ರಾಜ್ಯ. 1911ರಲ್ಲಿ ಅಪ್ಟನ್ ಮನೆತನದವರು ಸೇಂಟ್ ಜೋಸೆಫ್ ಎಂಬಲ್ಲಿ ವಿದ್ಯುತ್ತಿನ ಒಗೆಯುವ ಯಂತ್ರ ಮಾಡತೊಡಗಿದರು. ಅವರಿಗೆ ಬಂದ ಮೊದಲ ಬೇಡಿಕೆ 100 ಯಂತ್ರಗಳದು. ಕೊಟ್ಟ ಮೇಲೆ ಎಲ್ಲದರಲ್ಲೂ ಒಂದೇ ತೊಂದರೆ. ಒಳಗಿನ ಬೀಡು ಕಬ್ಬಿಣದ ಹಲ್ಲುಗಾಲಿ ಮುರಿಯುತ್ತಿತ್ತು. ಅಪ್ಟನ್ನರು ಪ್ರತಿಯೊಂದಕ್ಕೂ ಉಕ್ಕಿನ ಗಾಲಿ ಹಾಕಿಕೊಟ್ಟರು. ಕೊಂಡವರು ಇದನ್ನು ಮೆಚ್ಚಿ ಬೇಡಿಕೆಯನ್ನು 200ಕ್ಕೆ ಏರಿಸಿದರು. 1916ರಿಂದ ಅವರ ಯಂತ್ರಗಳನ್ನು ಸಿಯರ್ಸ್ ಕೊಳ್ಳತೊಡಗಿತು. ಸಿಯರ್ಸ್ ಎಂದರೆ ದಪ್ಪ ಕ್ಯಾಟಲಾಗನ್ನು ಮನೆಮನೆಗೆ ಅಂಚೆಯಲ್ಲಿ ಕಳಿಸಿ ಸೂಜಿಯಿಂದ ಹಿಡಿದು ಇಡೀ ಮನೆಯ ಸಾಮಾನಿನವರೆಗೆ ಮಾರುತ್ತಿದ್ದ ವ್ಯಾಪಾರ ಸಂಸ್ಥೆ. ಅದಕ್ಕೆ ಯಂತ್ರ ಮಾಡುವ ಕಾರ್ಖಾನೆ ಬೇಕು, ಆದರೆ ಹೆಸರು ತನ್ನದೇ ಇರಬೇಕು. ಆ ಹೆಸರು ಕೆನ್‌ಮೋರ್.

ಮುಂದೆ 1947ರಲ್ಲಿ ಈ ಕಾರ್ಖಾನೆ ಮೇಲಿನಿಂದ ಬಟ್ಟೆ ಹಾಕುವ, ತಾನೇ ತೊಳೆದು ತಾನೇ ಹಿಂಡುವ ಯಂತ್ರ ಮಾಡಿತು. ಮೊದಲು ಅದು ಕೆನ್‌ಮೋರ್ ಹೆಸರಿನಲ್ಲಿ ಸಿಯರ್ಸ್ ಅಂಗಡಿಗೆ ಹೋಯಿತು. ಮರುವರ್ಷ ಅದೇ ಯಂತ್ರ ವರ್ಲ್‌ಪೂಲ್ ಎಂಬ ಸ್ವಂತ ಹೆಸರಿನಲ್ಲಿ ಬೇರೆ ಅಂಗಡಿಗಳಿಗೆ ಬಂತು. 1950ರಲ್ಲಿ ಕಂಪನಿಯೇ ತನ್ನ ಹೆಸರನ್ನು ವರ್ಲ್‌ಪೂಲ್ ಎಂದು ಬದಲಿಸಿಕೊಂಡಿತು. ಒಂದೇ ತಾಯಿಯ ಮಕ್ಕಳು, ಒಬ್ಬ ತಾತನ ಮನೆಯಲ್ಲಿ ಬೆಳೆದ, ಇನ್ನೊಬ್ಬ ತಂದೆಯ ಮನೆಯಲ್ಲಿ ಬೆಳೆದ ಎನ್ನುವ ಹಾಗೆ. ಬಣ್ಣ ಬೇರೆ, ಗುಂಡಿಗಳು ಬೇರೆ, ಬೆಲೆಯೂ ಬೇರೆ. ಅಜಿಟೇಟರಿಗೂ ಬೇರೆ ಬೇರೆ ಹೆಸರು. ವರ್ಲ್‌ಪೂಲಿನದು ಸರ್ಜಿಲೇಟರ್ ಆದರೆ ಕೆನ್‌ಮೋರಿನದು ರೋಟೋಸ್ವರ್ಲ್. ದಂಡದ ಹಲ್ಲುಗಳು ಮಾತ್ರ ಒಂದೇ.

ಇದನ್ನು ನಾನು ಕಣ್ಣಾರೆ ಕಂಡದ್ದು ಮಿಷಿಗನ್ನಿನಲ್ಲೇ, ಮಗಳ ಬಾಣಂತನಕ್ಕೆಂದು ಹೋಗಿದ್ದಾಗ. ಪಕ್ಕದ ಮನೆಯಲ್ಲಿ ಎಂಬತ್ತರ ಅಂಚಿನ ವೃದ್ಧೆಯೊಬ್ಬರಿದ್ದರು. ಆಕೆಯ ಅಕ್ಕ ವೃದ್ಧಾಶ್ರಮ ಸೇರಿದ್ದರಿಂದ ಅಕ್ಕನ ಕೆನ್‌ಮೋರ್ ಯಂತ್ರ ಇವರ ನೆಲಮಾಳಿಗೆಗೆ ಬಂದಿತ್ತು. ಇವರದು ವರ್ಲ್‌ಪೂಲ್. ಇವರ ಯಂತ್ರದಲ್ಲಿ ಇದ್ದದ್ದು ನೇರ ರೆಕ್ಕೆಗಳ ಸಾದಾ ಅಜಿಟೇಟರ್. ಅಕ್ಕನದರಲ್ಲಿ 1970ರ ದಶಕದಲ್ಲಿ ಬಳಕೆಗೆ ಬಂದ ಎರಡು ಭಾಗದ ಅಜಿಟೇಟರ್. ಅದರ ಕೆಳಭಾಗ ಕಡೆಗೋಲಿನಂತೆ ಹಿಂದೆ ಮುಂದೆ ಆಡಿದರೆ, ತಿರುಪಿನಂಥ ಮೇಲ್ಭಾಗ ಒಂದೇ ದಿಕ್ಕಿಗೆ ಸುತ್ತಿ ಮೇಲೆ ತೇಲುವ ಬಟ್ಟೆಯನ್ನು ಕೆಳಕ್ಕೆ ಎಳೆಯುತ್ತದೆ. "ದುಪ್ಪಟಿ ತೊಳೆಯಲು ಇದೇ ವಾಸಿ" ಎಂದು ಆಕೆ ಅದನ್ನು ತನ್ನ ಯಂತ್ರಕ್ಕೆ ಹಾಕಲು ನಿಂತರು. ನಾನು ಸೆರಗು ಸಿಕ್ಕಿಸಿ ಸಹಾಯಕ್ಕೆ ನಿಂತೆ.

ಮೊದಲು ಆಕೆ ಕೆನ್‌ಮೋರಿನ ಮುಚ್ಚಳ ಎತ್ತಿ ಒಳಗಿನ ಚೀಟಿ ತೋರಿಸಿದರು. ಅಲ್ಲಿ ಉದ್ದನೆಯ ಸಂಖ್ಯೆ, ಅದರ ಮೊದಲ ಮೂರು ಅಂಕಿ 110, ಆಮೇಲೆ ಒಂದು ಚುಕ್ಕೆ. ಸಿಯರ್ಸ್ ತನ್ನ ಹೆಸರಿನ ಯಂತ್ರ ಯಾರು ಮಾಡಿದ್ದು ಎಂಬುದನ್ನು ಚುಕ್ಕೆಯ ಹಿಂದಿನ ಅಂಕಿಗಳಲ್ಲಿ ಗುರುತು ಮಾಡುತ್ತಿತ್ತು. 110 ಎಂದರೆ ವರ್ಲ್‌ಪೂಲ್. ನಂತರದ ಕಾಲದಲ್ಲಿ ಎಲ್‌ಜಿ ಮಾಡಿಕೊಟ್ಟ ಕೆನ್‌ಮೋರ್‌ಗಳ ಮೇಲೆ 796 ಇರುತ್ತದೆ. "ಹೆಸರು ಅಂಗಡಿಯದು, ಅಂಕಿ ಕಾರ್ಖಾನೆಯದು" ಎಂದರು ಆಕೆ. ನಾವು ಶಾಸನದಲ್ಲಿ ಗೋತ್ರ ಹುಡುಕಿದ ಹಾಗಾಯಿತು ಎಂದುಕೊಂಡೆ.

ಆಮೇಲೆ ಒಂದು ಕೋಲು ಇಟ್ಟು ಎರಡೂ ತೊಟ್ಟಿಗಳ ಆಳ ಅಳೆದರು. ಹಲ್ಲು ಹೊಂದಿದರೆ ಸಾಲದು, ಎತ್ತರವೂ ಹೊಂದಬೇಕು. ಒಂದೇ ಕಂಪನಿ ದೊಡ್ಡ ತೊಟ್ಟಿ, ಸಣ್ಣ ತೊಟ್ಟಿ ಎರಡನ್ನೂ ಮಾಡಿರುತ್ತದೆ. ಕಂಬ ಗಿಡ್ಡವಾದರೆ ಬಟ್ಟೆ ಅದರ ತಲೆಯ ಮೇಲೆ ಹತ್ತಿ ಕೂರುತ್ತದೆ. ಎರಡರ ಆಳವೂ ಒಂದೇ ಇತ್ತು. ಮೇಲಿನ ಟೋಪಿ ತೆಗೆದು, ಉದ್ದ ಕೈಯ ಪಾನಾ ಇಳಿಸಿ ಬೋಲ್ಟ್ ಬಿಚ್ಚಿದರು. ಕಂಬ ಅಲುಗಲಿಲ್ಲ. ವರ್ಷಗಟ್ಟಲೆಯ ಸಾಬೂನು ಹಲ್ಲುಗಳ ನಡುವೆ ಗಟ್ಟಿಯಾಗಿತ್ತು. ಬಿಸಿನೀರು ಸುರಿದು, ತೀರಿಹೋದ ಗಂಡನ ಹಳೆಯ ಚರ್ಮದ ಬೆಲ್ಟನ್ನು ರೆಕ್ಕೆಗಳ ಕೆಳಗೆ ಸುತ್ತಿ, ಇಬ್ಬರೂ ಸೇರಿ ಬಾವಿಯಿಂದ ಕೊಡ ಸೇದಿದ ಹಾಗೆ ಎಳೆದೆವು. ಬಂತು. ಆಕೆಯ ಯಂತ್ರದ ಕಂಬವನ್ನೂ ಹಾಗೆಯೇ ಕಿತ್ತು, ಅಕ್ಕನ ಮನೆಯದನ್ನು ಕೂರಿಸಿದಾಗ ಅದು ಸದ್ದಿಲ್ಲದೆ ಕೂತಿತು. ಒಳಗೆ ನಾಲ್ಕು ಪುಟ್ಟ ಪ್ಲಾಸ್ಟಿಕ್ ಚೂರುಗಳಿವೆ, ಮೇಲ್ಭಾಗ ಹಿಂದಕ್ಕೆ ತಿರುಗದಂತೆ ತಡೆಯುವುದು ಅವೇ, ಸವೆದರೆ ಅವನ್ನಷ್ಟೇ ಬದಲಿಸಿದರೆ ಸಾಕು ಎಂದು ನನಗೆ ಪಾಠವನ್ನೂ ಹೇಳಿದರು.

"ಹಾಗಾದರೆ ಮೇಟ್ಯಾಗಿನದು?" ಎಂದು ಕೇಳಿದೆ. ಆಕೆ ತಲೆಯಾಡಿಸಿದರು. ಹಳೆಯ ಮೇಟ್ಯಾಗ್ ಬೇರೆ ಮನೆತನ. ದಂಡ ಬೇರೆ, ಕಂಬವನ್ನು ಹಿಡಿದಿಡುವ ಬಗೆಯೇ ಬೇರೆ. ಇನ್ನೂ ಒಂದು ಮಾತಿದೆ. ಪ್ರತಿ ಕಂಪನಿಯ ಗೇರುಪೆಟ್ಟಿಗೆ ನಿಮಿಷಕ್ಕೆ ಎಷ್ಟು ಸಲ, ಎಷ್ಟು ದೂರ ತಿರುಗಬೇಕೆಂದು ಲೆಕ್ಕ ಹಾಕಿರುತ್ತದೆ. ಆ ಲೆಕ್ಕಕ್ಕೆ ತಕ್ಕ ರೆಕ್ಕೆ ಇರುತ್ತದೆ. ದೂರ ತಿರುಗುವ ಯಂತ್ರಕ್ಕೆ ದೊಡ್ಡ ರೆಕ್ಕೆಯ ಕಂಬವನ್ನು ಹೇಗೋ ಕೂರಿಸಿದರೂ ಬಟ್ಟೆ ಹರಿಯುತ್ತದೆ, ಇಲ್ಲವೇ ಗೇರು ಸವೆಯುತ್ತದೆ.

ಮೇಟ್ಯಾಗ್ ಎಂದರೆ ಕೆಡದ ಯಂತ್ರ ಎಂಬ ನಂಬಿಕೆ ಅಲ್ಲಿ ಮನೆಮಾತಾಗಿತ್ತು. 1967ರಿಂದ ಅವರ ಜಾಹೀರಾತಿನಲ್ಲಿ ಒಬ್ಬ ರಿಪೇರಿಯವನು ಬರುತ್ತಿದ್ದ. ಯಾರ ಮನೆಯಿಂದಲೂ ಕರೆ ಬಾರದೆ, ಕೆಲಸವಿಲ್ಲದೆ, ಒಂಟಿಯಾಗಿ ಕೂತು ಬೇಸರಪಡುವವನು. ಆದರೆ ಕೆಡದ ಯಂತ್ರ ಮಾಡಿದ ಊರು ಉಳಿಯಲಿಲ್ಲ. 2006ರಲ್ಲಿ ವರ್ಲ್‌ಪೂಲ್ ಮೇಟ್ಯಾಗನ್ನು ಕೊಂಡಿತು. ಮರುವರ್ಷ ನ್ಯೂಟನ್ನಿನ ಕಾರ್ಖಾನೆ ಮುಚ್ಚಿತು. ಹೆಸರು ಮಾತ್ರ ಉಳಿಯಿತು. ಆಮೇಲೆ ಮೇಟ್ಯಾಗ್ ಎಂದು ಬರೆದ ಯಂತ್ರಗಳ ಒಳಗೆ ವರ್ಲ್‌ಪೂಲಿನ ಅಂಗಾಂಗಗಳು ಬಂದವು. ಎಂಬತ್ತು ವರ್ಷ ಒಂದಕ್ಕೊಂದು ಹೊಂದದೆ ಇದ್ದ ಎರಡು ಮನೆತನಗಳ ಬಿಡಿಭಾಗಗಳು ಈಗ ಸಲೀಸಾಗಿ ಹೊಂದತೊಡಗಿದವು.

ಇದನ್ನು ಕೇಳಿದ ಮೇಲೆ ನನಗೆ ಆ ಹೊಂದಾಣಿಕೆಯ ಬಗ್ಗೆ ಇದ್ದ ಸಂತೋಷ ಸ್ವಲ್ಪ ಕಡಿಮೆಯಾಯಿತು. ಎರಡು ಹೆಸರಿನ ಯಂತ್ರಗಳಿಗೆ ಒಂದೇ ಕಂಬ ಹೊಂದಿದರೆ ಅದಕ್ಕೆ ಎರಡು ಅರ್ಥ. ಒಂದೋ ಎರಡನ್ನೂ ಒಂದೇ ಕೈ ಮಾಡಿದೆ, ಇಲ್ಲವೇ ಒಂದು ಇನ್ನೊಂದನ್ನು ನುಂಗಿದೆ. ಸಿಯರ್ಸ್ ಕೂಡ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಸಾಮ್ರಾಜ್ಯಗಳ ಅಳಿವನ್ನು ಮಕ್ಕಳಿಗೆ ಇಸವಿ ಸಹಿತ ಹೇಳಿಕೊಡುತ್ತೇವೆ. ಕಾರ್ಖಾನೆಯ ಸಂಬಳವನ್ನೇ ನೆಚ್ಚಿಕೊಂಡಿದ್ದ ಊರಿನ ಮನೆಗಳ ಬಗ್ಗೆ ಯಾವ ಪಠ್ಯಪುಸ್ತಕ ಹೇಳುತ್ತದೆ?

ಈ ಕಂಬದ ಯಂತ್ರ ನಮ್ಮಲ್ಲಿ ಹೆಚ್ಚು ನೆಲೆಯೂರದಿರಲು ನೀರೂ ಒಂದು ಕಾರಣವೆನ್ನಬೇಕು. ಅಲ್ಲಿನ ಹಳೆಯ ಯಂತ್ರ ಒಂದು ಸರತಿಗೆ ಸುಮಾರು 150 ಲೀಟರ್ ನೀರು ಕುಡಿಯುತ್ತಿತ್ತು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ನಮ್ಮ ಊರುಗಳಲ್ಲಿ ಅದು ನಡೆಯುವ ಮಾತೇ? ನಮಗೆ ಒಗ್ಗಿದ್ದು ಜಪಾನಿನ ದಾರಿ. 1953ರಲ್ಲಿ ಸ್ಯಾನ್ಯೋ ಕಂಪನಿ ಇಂಗ್ಲೆಂಡಿನ ಹೂವರ್ ಯಂತ್ರದ ಮಾದರಿ ಹಿಡಿದು, ತೊಟ್ಟಿಯ ಪಕ್ಕದ ಗೋಡೆಯಲ್ಲಿ ಪಲ್ಸೇಟರ್ ಇರುವ ಯಂತ್ರ ಮಾಡಿ 28,500 ಯೆನ್ನಿಗೆ ಮಾರಿತು. ಮುಂದೆ ಆ ತಟ್ಟೆ ತಳಕ್ಕೆ ಇಳಿಯಿತು. 1980ರ ದಶಕದ ಕೊನೆಯಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಕಾಲಿಟ್ಟ ಎರಡು ತೊಟ್ಟಿಯ ಯಂತ್ರ ಈ ಕುಲದ್ದು. ಅದರಲ್ಲಿ ಬಿಳಿ ಬಟ್ಟೆಯ ಸಾಬೂನು ನೀರಿನಲ್ಲೇ ಬಣ್ಣದ ಬಟ್ಟೆ, ಆಮೇಲೆ ಕಾಲೊರಸು ತೊಳೆದು, ಉಳಿದ ನೀರಿನಲ್ಲಿ ಬಚ್ಚಲು ತಿಕ್ಕುವ ಗೃಹಿಣಿಯ ಜಾಣತನಕ್ಕೆ ಜಾಗವಿತ್ತು. ವರ್ಲ್‌ಪೂಲ್ ಕೂಡ 1987ರಲ್ಲಿ ಟಿವಿಎಸ್ ಜೊತೆ ಒಪ್ಪಂದ ಮಾಡಿಕೊಂಡು ಪಾಂಡಿಚೇರಿಯಲ್ಲಿ ಕಾರ್ಖಾನೆ ಮಾಡುವುದರೊಂದಿಗೆ ನಮ್ಮ ದೇಶಕ್ಕೆ ಬಂತು.

ಯಂತ್ರ ಬಂದು ಹೆಂಗಸರ ಕೆಲಸ ಕಡಿಮೆಯಾಯಿತೇ ಎಂಬ ಪ್ರಶ್ನೆಯೂ ಇದೆ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಬರೆದ ಪುಸ್ತಕದಲ್ಲಿ, ಯಂತ್ರಗಳು ಬಂದಂತೆ ತಾಯಂದಿರ ಕೆಲಸ ಹೆಚ್ಚಿತು ಎಂದು ವಾದಿಸಿದ್ದಾರೆ. ಹಿಂದೆ ಅಗಸಗಿತ್ತಿಗೆ ಕೊಡುತ್ತಿದ್ದ ಬಟ್ಟೆ ಮನೆಯೊಡತಿಯ ಪಾಲಿಗೆ ಬಂತು. ಬಟ್ಟೆ ಬದಲಿಸುವುದೂ ಹೆಚ್ಚಿತು. ಒಪ್ಪುವ ಮಾತೇ. ಆದರೂ ಚಳಿಗಾಲದ ಬೆಳಗ್ಗೆ ಕಲ್ಲಿನ ಮುಂದೆ ಬಗ್ಗಿ ನಿಂತು, ಒಡೆದ ಬೆರಳುಗಳಿಗೆ ರಾತ್ರಿ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದ ನನ್ನ ಅಮ್ಮನನ್ನು ನೆನೆದರೆ, ಆ ವಾದವನ್ನು ಪೂರ್ತಿ ಒಪ್ಪಲು ನನಗೆ ಮನಸ್ಸು ಬರುವುದಿಲ್ಲ.

2021ರಲ್ಲಿ ವರ್ಲ್‌ಪೂಲ್ ಬೇಕಾದಾಗ ಹಾಕಿ, ಬೇಡವಾದಾಗ ತೆಗೆದಿಡಬಹುದಾದ ಅಜಿಟೇಟರ್ ಇರುವ ಯಂತ್ರವನ್ನು ಅಮೆರಿಕದ ಮಾರುಕಟ್ಟೆಗೆ ಹೊಸ ಸೌಕರ್ಯವೆಂದು ತಂದಿತು. ಪಾನಾ ಬೇಡ, ಬೆಲ್ಟ್ ಬೇಡ. ಪಕ್ಕದ ಮನೆಯ ಆಕೆಯಂಥವರು ನೆಲಮಾಳಿಗೆಗಳಲ್ಲಿ ತಾವೇ ಕಿತ್ತು ತಾವೇ ಹಾಕುತ್ತಿದ್ದುದಕ್ಕೆ ಕಂಪನಿಯೇ ಹಿಡಿಕೆ ಮಾಡಿಕೊಟ್ಟಂತಾಯಿತು.

ನಮ್ಮ ಊರಿನ ಬಿಡಿಭಾಗದ ಅಂಗಡಿಯವರು ಪಲ್ಸೇಟರ್ ಕೇಳಿದರೆ ಕಂಪನಿಯ ಹೆಸರನ್ನು ಅರ್ಧ ಮಾತ್ರ ಕಿವಿಗೆ ಹಾಕಿಕೊಳ್ಳುತ್ತಾರೆ. "ಹಳೇದು ತಂದಿದ್ದೀರಾ ಅಮ್ಮಾ?" ಎಂದು ಕೇಳಿ, ಅದನ್ನು ಮಗುಚಿ, ನಡುವಿನ ತೂತಿನ ಹಲ್ಲು ಎಣಿಸಿ, ಅಡ್ಡಗಲ ಅಳೆದು, ಆಮೇಲೆ ಒಳಗಿನಿಂದ ಒಂದು ತರುತ್ತಾರೆ. ಓದಿದ ನಾವು ಮುಚ್ಚಳ ನೋಡಿ ಯಂತ್ರ ಕೊಳ್ಳುತ್ತೇವೆ, ಅವರು ತಳ ನೋಡಿ ಕುಲ ಹೇಳುತ್ತಾರೆ. ನಿಮ್ಮ ಮನೆಯದು ಸವೆದಾಗ ಗುಜರಿಗೆ ಹಾಕುವ ಮುನ್ನ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ಅವರು ಎಣಿಸುವಾಗ ನೀವೂ ಎಣಿಸಿ.