ಟೀಚರ್ ಕೈಗೆ ಏನು ಕೊಟ್ಟೆವು?

ಬೆಂಗಳೂರಿನ ಯಾವುದೇ ಲೇಔಟಿನಲ್ಲಿ ನಾಲ್ಕು ರಸ್ತೆ ಸುತ್ತಿದರೆ ಒಂದಾದರೂ ಮಾಂಟೆಸರಿ ಬೋರ್ಡು ಕಣ್ಣಿಗೆ ಬೀಳುತ್ತೆ. ಒಳಗೆ ಗುಲಾಬಿ ಗೋಪುರ, ಮರದ ಸಿಲಿಂಡರುಗಳು, ಮಣಿಸರ. (ಫೀಸು ಕೇಳಿದರೆ ಎದೆ ಧಸಕ್ಕೆನ್ನುವುದು ಬೇರೆ ಮಾತು.) ಅದೇ ಲೇಔಟಿನ ಹಿಂದಿನ ಬೀದಿಯಲ್ಲಿರುವ ಅಂಗನವಾಡಿಗೂ ಮಾಂಟೆಸರಿಗೂ ನೆಂಟಸ್ತಿಕೆ ಇದೆ ಅಂದ್ರೆ ನಂಬ್ತೀರಾ? ಇದೆ. ಅದು ಗುಜರಾತಿನ ಭಾವನಗರದಿಂದ ಬಂದದ್ದು, ಒಬ್ಬ ವಕೀಲರ ಮೂಲಕ.

ಗಿಜುಭಾಯಿ ಬಧೇಕಾ ಹುಟ್ಟಿದ್ದು 1885ರಲ್ಲಿ. ವಕೀಲಿ ಮಾಡಿಕೊಂಡಿದ್ದವರು ಮಗ ಹುಟ್ಟಿದ ಮೇಲೆ, ಇವನನ್ನು ಹೇಗಪ್ಪಾ ಬೆಳೆಸೋದು ಅಂತ ಓದಲು ಕೂತರು. ಆ ಓದಿನಲ್ಲಿ ಸಿಕ್ಕವರು ಮರಿಯಾ ಮಾಂಟೆಸರಿ. ವಕೀಲಿ ಬಿಟ್ಟು 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು, 1920ರಲ್ಲಿ ಅಲ್ಲೇ ಬಾಲಮಂದಿರ ತೆರೆದರು. ಜನ ಅವರನ್ನು 'ಮೀಸೆಯ ತಾಯಿ' ಅಂತ ಕರೆದರು.

ಶಾಲೆಯನ್ನೇನೋ ತೆರೆಯಬಹುದು, ಟೀಚರನ್ನು ಎಲ್ಲಿಂದ ತರೋದು? ಅಂದಿನ ಬಹುಪಾಲು ಮೇಷ್ಟ್ರುಗಳಿಗೆ ಗೊತ್ತಿದ್ದ ಬೋಧನೋಪಕರಣ ಬೆತ್ತ ಒಂದೇ. ಗಿಜುಭಾಯಿಯವರ ದೊಡ್ಡ ಕೆಲಸ ಇರೋದು ಇಲ್ಲಿ ಅಂತ ನನಗನ್ನಿಸುತ್ತೆ. ಅವರು ಶಿಕ್ಷಕರಿಗೆ ತರಬೇತಿ ಕೊಟ್ಟರು, ಮಕ್ಕಳಿಗೆ ಹೇಳಲು ಕಥೆಗಳನ್ನು ಬರೆದುಕೊಟ್ಟರು. 1926ರಲ್ಲಿ ತಾರಾಬಾಯಿ ಮೋಡಕ್ ಜೊತೆ ಸೇರಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು, 'ಶಿಕ್ಷಣ ಪತ್ರಿಕಾ' ನಡೆಸಿದರು. 'ದಿವಾಸ್ವಪ್ನ', ಅಂದರೆ ಹಗಲುಗನಸು, ಅನ್ನೋ ಪುಸ್ತಕದಲ್ಲಂತೂ ಉಪದೇಶವೇ ಇಲ್ಲ. ಒಬ್ಬ ಮೇಷ್ಟ್ರು ಒಂದು ವರ್ಷಕ್ಕೆ ಒಂದು ಕ್ಲಾಸು ಕೇಳಿ ತಗೊಂಡು, ಕಥೆ ಹೇಳ್ತಾ, ಆಟ ಆಡಿಸ್ತಾ ಪಾಠ ಮಾಡೋದೇ ಅದರ ಕಥೆ.

1939ರಲ್ಲಿ ಗಿಜುಭಾಯಿ ತೀರಿಕೊಂಡರು. ಅದೇ ವರ್ಷ ಸ್ವತಃ ಮಾಂಟೆಸರಿ ಮದ್ರಾಸಿಗೆ ಬಂದಿಳಿದು, ಯುದ್ಧದ ದೆಸೆಯಿಂದ ಇಲ್ಲೇ ಉಳಿದು, ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆ ದಾರಿ ನಗರಗಳತ್ತ ಹೋಯಿತು.

ತಾರಾಬಾಯಿ ಹಿಡಿದದ್ದು ಇನ್ನೊಂದು ದಾರಿ. 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಕಡಲೂರಿಗೆ ಹೋಗಿ ಬಾಲವಾಡಿ ತೆರೆದರು. ಬಾಲವಿಧವೆಯಾಗಿ, ಹಟ ಹಿಡಿದು ಓದಿ ಟೀಚರಾಗಿದ್ದ ಅನುತಾಯಿ ವಾಘ್ ಜೊತೆಗೂಡಿದರು. ಆದರೆ ಯಾರಿಗಾಗಿ ಶಾಲೆ ತೆರೆದರೋ ಆ ಬಡವರ ಮಕ್ಕಳೇ ಬರಲಿಲ್ಲ. ತಮ್ಮ ತಂಗಿಯರನ್ನು ಎತ್ತಿಕೊಳ್ಳಬೇಕು, ದನ ಮೇಯಿಸಬೇಕು, ಶಾಲೆಗೆಲ್ಲಿ ಪುರುಸೊತ್ತು? ಸರಿ, ಮಕ್ಕಳು ಬರದಿದ್ದರೆ ಶಾಲೆಯೇ ಹೋಗಲಿ ಅಂತ ಇಬ್ಬರೂ ಕೇರಿಯ ಮನೆಗಳ ಅಂಗಳದಲ್ಲೇ ಪಾಠ ಶುರುಮಾಡಿದರು. ಮರಾಠಿಯಲ್ಲಿ ಅಂಗಳಕ್ಕೆ 'ಅಂಗಣ'. ಅಂಗನವಾಡಿ ಎಂಬ ಹೆಸರು ಬಂದದ್ದು ಹೀಗೆ. 1957ರಲ್ಲಿ ಅವರ ಕೆಲಸ ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಹೋಯಿತು. ಅಲ್ಲಿ ದನಗಾಹಿ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ!

ದುಬಾರಿ ಮರದ ಉಪಕರಣಗಳ ಬದಲು ಚಿಪ್ಪು, ಬೀಜ, ಎಲೆ, ಬೆಣಚುಕಲ್ಲು ಬಂದವು. ಇದನ್ನು ಬಡವರ ಮಾಂಟೆಸರಿ ಅನ್ನೋದು ತಪ್ಪು. ಕೈ ಮುಟ್ಟಿ ಕಲಿಯಬೇಕು ಅನ್ನೋ ತತ್ವ ಅದೇ. ಹೊಸದೇನಪ್ಪಾ ಅಂದ್ರೆ, ಟೀಚರ್ ತನಗೆ ಬೇಕಾದ್ದನ್ನು ಯಾರನ್ನೂ ಕೇಳದೆ ತಾನೇ ಹೊಂದಿಸಿಕೊಳ್ಳಬಹುದು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಅಂಗನವಾಡಿ ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿತು. ಜೊತೆಗೆ ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕದ ಲೆಕ್ಕ, ರಿಜಿಸ್ಟರುಗಳ ರಾಶಿ. ಅವೂ ಬೇಕಾದವೇ ಅನ್ನಿ. ಆದರೆ ಮಕ್ಕಳ ಬಾಯಲ್ಲಿ 'ಟೀಚರ್' ಆಗಿರುವಾಕೆ ಕಡತದಲ್ಲಿ 'ಕಾರ್ಯಕರ್ತೆ', ಕೈಗೆ ಬರೋದು ಸಂಬಳವಲ್ಲ, 'ಗೌರವಧನ'.

ಕೊನೆಗೆ ಗುಜರಾತಿನ ಕಾರ್ಯಕರ್ತೆಯರೇ ಗ್ರಾಚ್ಯುಟಿಗಾಗಿ ಕೋರ್ಟು ಹತ್ತಿದರು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು: ಗ್ರಾಚ್ಯುಟಿ ಕಾಯ್ದೆಯ ಲೆಕ್ಕದಲ್ಲಿ ಗೌರವಧನವೂ ವೇತನವೇ, ಮೂರರಿಂದ ಆರು ವರ್ಷದ ಮಕ್ಕಳೊಂದಿಗೆ ಇವರು ಮಾಡುತ್ತಿರುವುದು ಪಾಠದ ಕೆಲಸವೇ.