ಲೇಜಿಮಿನ ಸರಪಳಿ

ನಮ್ಮ ಗಡಿಭಾಗದಲ್ಲಿ ಸಾಹಿತ್ಯ ಸಮ್ಮೇಳನದ ಮೆರವಣಿಗೆ ಹೊರಟಿತೆಂದರೆ ತಾಯಿ ಭುವನೇಶ್ವರಿಯ ಭಾವಚಿತ್ರದ ಮುಂದೆ ಶಾಲಾಮಕ್ಕಳ ಲೇಜಿಮು ಇರಲೇಬೇಕು. ಹಲಗೆಯ ಪೆಟ್ಟಿಗೆ ಸರಿಯಾಗಿ ಝಣ್ ಎನ್ನುವ ಆ ನಾದವನ್ನು ಕೇಳುತ್ತಲೇ ಬೆಳೆದವರು ನಾವು. ಆಮಂತ್ರಣ ಪತ್ರಿಕೆಯಲ್ಲಿ ಡೊಳ್ಳು, ಕರಡಿ ಮಜಲುಗಳ ಸಾಲಿನಲ್ಲೇ ಅದರ ಹೆಸರೂ ಅಚ್ಚಾಗುವುದರಿಂದ ಅದೊಂದು ಜನಪದ ಕುಣಿತವೆಂದು ಎಲ್ಲರೂ ಬಗೆದಿದ್ದಾರೆ. ಆದರೆ ಲೇಜಿಮಿನ ಸರಪಳಿಗೆ ಮೊದಲು ಇದ್ದ ಕೆಲಸ ಮೈಗೆ ಭಾರ ಕೊಡುವುದು; ನಾದ ಕೊಡುವ ಕೆಲಸ ಆಮೇಲಿನದು.

ಹೆಸರೇ ಈ ಮಾತಿಗೆ ಸಾಕ್ಷಿ. ಫಾರಸಿಯಲ್ಲಿ ಲೇಜಮ್ ಎಂದರೆ ಬಿಲ್ಲುಗಾರರು ತೋಳು ಪಳಗಿಸಿಕೊಳ್ಳಲು ಬಳಸುತ್ತಿದ್ದ ಅಭ್ಯಾಸದ ಬಿಲ್ಲು. ಇರಾನಿನಲ್ಲಿ ಜೂರ್‌ಖಾನೆ ಎಂಬ ವ್ಯಾಯಾಮಶಾಲೆಗಳಿವೆ. ಬಲದ ಮನೆ ಎಂದು ಅದರ ಅರ್ಥ. ನೆಲದಿಂದ ತಗ್ಗಾಗಿ ಕಟ್ಟಿದ ಎಂಟು ಮೂಲೆಯ ಅಂಕಣದಲ್ಲಿ, ದುಂದುಭಿಯ ತಾಳಕ್ಕೆ, ಪೈಲ್ವಾನರು ಇಂದಿಗೂ ಅಲ್ಲಿ ಸಾಧನೆ ಮಾಡುತ್ತಾರೆ. 2010ರಲ್ಲಿ ಯುನೆಸ್ಕೊ ಈ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಅವರ ಸಾಧನಗಳಲ್ಲಿ ಕಬ್ಬಾದೆ ಎಂಬುದೊಂದು. ಅದು ಕಬ್ಬಿಣದ ಬಿಲ್ಲು. ಹೆದೆಯ ಜಾಗದಲ್ಲಿ ಬಳೆಗಳನ್ನೋ ಬಿಲ್ಲೆಗಳನ್ನೋ ಪೋಣಿಸಿದ ದಪ್ಪ ಸರಪಳಿ. ಒಂದು ಕೈಯಲ್ಲಿ ಬಿಲ್ಲನ್ನು, ಇನ್ನೊಂದರಲ್ಲಿ ಸರಪಳಿಯನ್ನು ಹಿಡಿದು ತಲೆಯ ಮೇಲೆತ್ತಿ, ಒಂದು ತೋಳನ್ನು ಚಾಚಿ ಇನ್ನೊಂದನ್ನು ಮಡಿಸಿ, ಎಡಕ್ಕೂ ಬಲಕ್ಕೂ ತೂಗಬೇಕು. ಪ್ರತಿ ತೂಗಿಗೂ ಸರಪಳಿಯ ಭಾರವೆಲ್ಲ ಒಂದು ಬದಿಗೆ ಬಂದು ಬೀಳುತ್ತದೆ; ಅದನ್ನು ತಡೆದು ಮತ್ತೆ ಮರಳಿಸಬೇಕಾದದ್ದು ಭುಜ ಮತ್ತು ಬೆನ್ನು. ಗುಂಡುಕಲ್ಲನ್ನು ಒಮ್ಮೆ ಎತ್ತಿದರೆ ಅದರ ತೂಕ ಎಷ್ಟೆಂದು ತಿಳಿದುಬಿಡುತ್ತದೆ. ಸರಪಳಿ ಹಾಗಲ್ಲ, ಅದು ಕೈಯಲ್ಲಿ ನಿಲ್ಲದು.

ಈ ಸಾಧನ ದಖ್ಖನಿಗೆ ಬಂದ ಬಗೆಯನ್ನು ಪದಗಳ ಜಾಡು ಹಿಡಿದು ಊಹಿಸಬಹುದು. 1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಬಹಮನಿ ರಾಜ್ಯದ ಕಾಲದಿಂದ, ಬಿಜಾಪುರದ ಆದಿಲಶಾಹಿಯವರೆಗೆ, ನಮ್ಮ ಸೀಮೆಯ ಆಸ್ಥಾನಗಳಲ್ಲಿ ಫಾರಸಿಗೆ ಮನ್ನಣೆಯಿತ್ತು. ಪೈಲ್ವಾನ, ಉಸ್ತಾದ, ತಾಲೀಮು ಎಂಬ ಮಾತುಗಳು ಆ ಹಾದಿಯಲ್ಲಿ ಬಂದವು. ಲೇಜಿಮೂ ಅವುಗಳ ಜೊತೆಗಾರನಾಗಿಯೇ ಬಂದಿರಬೇಕೆಂಬುದು ನಮ್ಮ ಅಭಿಪ್ರಾಯ. ಅದು ಮರಾಠಿಗರದೋ ಕನ್ನಡಿಗರದೋ ಎಂದು ನಮ್ಮ ಊರುಗಳಲ್ಲಿ ಆಗಾಗ ನಡೆಯುವ ವಾದವನ್ನು ಕೇಳಿದಾಗ ನಮಗೆ ನಗು ಬರುತ್ತದೆ.

ಗರಡಿಯ ಸಾಧನೆ ಮಾತ್ರ ಅದಕ್ಕಿಂತ ಬಹು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಜಟ್ಟಿಗಳ ತರಗತಿಗಳು, ಅವರ ಆಹಾರ, ಅವರ ಪರಿಶ್ರಮದ ಬಗೆಗಳು ಅಲ್ಲಿ ಬಂದಿವೆ. ಮರಳು ತುಂಬಿದ ಚೀಲವನ್ನು ಎತ್ತುವುದು ಭಾರಶ್ರಮ, ನೀರಿನಲ್ಲಿ ಮಾಡುವುದು ಸಲಿಲಶ್ರಮ, ಕಂಬದ ಮೇಲಿನದು ಸ್ತಂಭಶ್ರಮ. ನಮ್ಮ ಮಲ್ಲಕಂಬಕ್ಕೆ ಇಷ್ಟು ಹಿರಿಯ ದಾಖಲೆ ಇದೆಯೆಂದು ಮಕ್ಕಳಿಗೆ ಹೇಳುವಾಗ ನಮ್ಮ ದನಿ ತುಸು ಏರುತ್ತಿದ್ದುದುಂಟು.

ಬಂದೂಕು ಬಂದ ಮೇಲೆ ಯುದ್ಧದಲ್ಲಿ ಬಿಲ್ಲಿಗೆ ಕೆಲಸ ಉಳಿಯಲಿಲ್ಲ. ಅಭ್ಯಾಸದ ಬಿಲ್ಲು ಮಾತ್ರ ತಾಲೀಮಿನ ಗೋಡೆಯ ಗೂಟದಲ್ಲಿ ಉಳಿದುಕೊಂಡಿತು. ಕೊಲ್ಹಾಪುರದ ಶಾಹೂ ಮಹಾರಾಜರ ಆಶ್ರಯದಲ್ಲಿ ಕುಸ್ತಿಗೆ ದೊರೆತ ವೈಭವವೂ, 1912ರಲ್ಲಿ ಸಿದ್ಧವಾದ ಖಾಸಬಾಗ ಮೈದಾನವೂ ಎಲ್ಲರಿಗೂ ತಿಳಿದಿರುವಂಥವು. ಅದಾಗಿ ಎರಡು ವರ್ಷಕ್ಕೆ, 1914ರಲ್ಲಿ, ಅಮರಾವತಿಯಲ್ಲಿ ಹನುಮಾನ ವ್ಯಾಯಾಮ ಪ್ರಸಾರಕ ಮಂಡಲ ಹುಟ್ಟಿತು. ದೇಶೀ ವ್ಯಾಯಾಮವನ್ನು ಗರಡಿಯಿಂದ ಬಯಲಿಗೆ, ಕೆಲವರಿಂದ ನೂರಾರು ಮಂದಿಗೆ ತರಬೇಕೆಂಬ ಹಂಬಲದ ಕಾಲವದು.

ಲೇಜಿಮಿನ ರೂಪ ಬದಲಾದದ್ದು ಇಲ್ಲಿಯೇ. ನೂರು ಮಕ್ಕಳು ಒಟ್ಟಿಗೆ ಹಿಡಿಯಬೇಕಾದರೆ ಅದು ಹಗುರವಾಗಿರಬೇಕು. ಬಿಲ್ಲು ಮೊಳದುದ್ದದ ಕಟ್ಟಿಗೆಯ ಕೋಲಾಯಿತು. ಸರಪಳಿ ಗಿಡ್ಡದಾಗಿ ಅದರ ಬಿಲ್ಲೆಗಳು ತೆಳುವಾದವು. ತೆಳು ಬಿಲ್ಲೆಯ ನಾದ ಚೆನ್ನ. ನಾದ ಬಂದ ಮೇಲೆ ಹೆಜ್ಜೆ ಬಂತು, ಹೆಜ್ಜೆಯ ಹಿಂದೆ ಬಣ್ಣದ ರುಮಾಲೂ ಬಂತು. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಉದ್ಘಾಟನೆಯಲ್ಲಿ ಸಾಂಗಲಿಯ ಕಡೆಯ ನೂರಾರು ಮಂದಿ ಲೇಜಿಮು ಆಡಿದರು. 2014ರ ಗಣರಾಜ್ಯೋತ್ಸವದಂದು ಅದೇ ಸಾಂಗಲಿಯಲ್ಲಿ 7,000ಕ್ಕೂ ಹೆಚ್ಚು ಜನ ಒಟ್ಟಿಗೆ ಆಡಿ ಗಿನ್ನೆಸ್ ದಾಖಲೆ ಮಾಡಿದರು. ಜತ್ತ ತಾಲೂಕು ಅದೇ ಜಿಲ್ಲೆಗೆ ಸೇರಿದ್ದರಿಂದ ಆ ಹೆಮ್ಮೆಯಲ್ಲಿ ನಮಗೂ ಒಂದು ಪಾಲು.

ಹೋದ ವರ್ಷ ಪುಣೆಗೆ ಮಗಳ ಮನೆಗೆ ಹೋದಾಗ ಮೊಮ್ಮಗ ತನ್ನ ಜಿಮ್ಮಿಗೆ ನಮ್ಮನ್ನು ಕರೆದೊಯ್ದ. ಹೆಗಲ ಮೇಲೆ ಭಾರದ ಸಲಾಕೆ ಹೊತ್ತು ಬೈಠಕ್ ಹೊಡೆಯುತ್ತಿದ್ದವನೊಬ್ಬನ ಸಲಾಕೆಯ ಎರಡೂ ತುದಿಗೆ, ಲಾರಿಗೆ ಕಟ್ಟುವಂಥ ಸರಪಳಿಗಳು ಜೋತುಬಿದ್ದಿದ್ದವು. "ಅಜ್ಜಾ, ಇದು ಅಮೆರಿಕಾದವ್ರು ತಂದದ್ದು ನೋಡ್ರಿ" ಎಂದ. ಮಾತು ಸುಳ್ಳಲ್ಲ. ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ವೆಸ್ಟ್‌ಸೈಡ್ ಬಾರ್‌ಬೆಲ್ ಎಂಬ ವ್ಯಾಯಾಮಶಾಲೆ ನಡೆಸುತ್ತಿದ್ದ ಲೂಯಿ ಸಿಮನ್ಸ್ ಅವರು 1990ರ ದಶಕದಲ್ಲಿ ಈ ಪದ್ಧತಿಯನ್ನು ಪ್ರಚುರಪಡಿಸಿದರು, 2022ರಲ್ಲಿ ತೀರಿಕೊಂಡರು. ಅದರ ಮರ್ಮ ಸರಳವಾದದ್ದು. ಕೆಳಗೆ ಕುಳಿತಾಗ ಸರಪಳಿಯ ಹೆಚ್ಚು ಭಾಗ ನೆಲದ ಮೇಲೆ ಮುದುಡಿ ಬಿದ್ದಿರುತ್ತದೆ. ಮೇಲೇಳುತ್ತ ಹೋದಂತೆ ಕೊಂಡಿಗಳು ಒಂದೊಂದಾಗಿ ನೆಲ ಬಿಟ್ಟು ಹೆಗಲಿಗೆ ಬರುತ್ತವೆ. ಕುಳಿತ ಭಂಗಿಯಲ್ಲಿ ಕಾಲಿಗೆ ಕಸುವು ಕಡಿಮೆ, ಎದ್ದಂತೆಲ್ಲ ಹೆಚ್ಚು. ಕಸುವು ಹೆಚ್ಚಾದಂತೆ ಭಾರವೂ ಹೆಚ್ಚುವುದರಿಂದ ಎಲ್ಲಿಯೂ ಪುಕ್ಕಟೆ ಏಳುವಂತಿಲ್ಲ.

ಎಲ್ಲವೂ ಮೊದಲೇ ನಮ್ಮಲ್ಲಿತ್ತು ಎಂದು ಎದೆ ತಟ್ಟಿಕೊಳ್ಳುವವರ ಸಾಲಿನಲ್ಲಿ ನಾವಿಲ್ಲ. ಲೇಜಿಮಿನ ಸರಪಳಿ ತೂಗಿ ಕೆಡವುತ್ತದೆ, ಆ ಜಿಮ್ಮಿನ ಸರಪಳಿ ಏರಿ ಕೂಡಿಕೊಳ್ಳುತ್ತದೆ. ಎರಡರ ತತ್ತ್ವ ಬೇರೆ. ಆದರೂ ಆ ಕೊಂಡಿಗಳು ನೆಲಕ್ಕೆ ಬಡಿದ ಸದ್ದು ಕೇಳಿದಾಗ ನಮಗೆ ನೆನಪಾದದ್ದು ನಾವಿದ್ದ ಶಾಲೆಯ ಉಗ್ರಾಣ. ಊರಿನ ತಾಲೀಮು ಮುಚ್ಚಿದಾಗ ಹಿರಿಯರು ಶಾಲೆಗೆ ಕೊಟ್ಟ ಹನ್ನೆರಡು ಹಳೆಯ ಲೇಜಿಮುಗಳು ಅಲ್ಲಿದ್ದವು. ಹುಣಸೆ ಕಟ್ಟಿಗೆಯ ದಪ್ಪ ಬಿಲ್ಲು, ಕಮ್ಮಾರ ಬಡಿದು ಮಾಡಿದ ಸರಪಳಿ. ಏಳನೆಯ ಇಯತ್ತೆಯ ಗಟ್ಟಿ ಹುಡುಗರೂ ಹತ್ತು ಸಲ ತೂಗುವಷ್ಟರಲ್ಲಿ ತೋಳು ಇಳಿಸಿಬಿಡುತ್ತಿದ್ದರು. ಆ ಏಷ್ಯನ್ ಕ್ರೀಡಾಕೂಟದ ಮರುವರ್ಷ ಎಲ್ಲ ಶಾಲೆಗಳಿಗೂ ಕುಣಿತದ ಲೇಜಿಮಿನ ಹುಚ್ಚು ಹತ್ತಿತು. ನಾವೂ ಹೊಸ ಹಗುರ ಲೇಜಿಮುಗಳನ್ನು ತರಿಸಿದೆವು. ಇಡಲು ಜಾಗ ಸಾಲದೆ ಹಳೆಯವನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ವ್ಯಾಯಾಮದ ಮಾಸ್ತರರು "ಒಂದಾದರೂ ಇರಲಿ ಸರ್" ಎಂದಿದ್ದರು. ದಫ್ತರದಲ್ಲಿ ಹನ್ನೆರಡು ಎಂದಿದೆ, ಹನ್ನೊಂದು ಹೋಗಿ ಒಂದು ಉಳಿದರೆ ತಪಾಸಣೆಯಲ್ಲಿ ಪ್ರಶ್ನೆ ಬರುತ್ತದೆ ಎಂದು ನಾವು ಒಪ್ಪಲಿಲ್ಲ.

ನಿವೃತ್ತರಾದ ಮೇಲೆ ಒಮ್ಮೆ ಶಾಲೆಗೆ ಹೋಗಿ ಡೆಡ್ ಸ್ಟಾಕ್ ರಜಿಸ್ಟರನ್ನು ತೆಗೆಸಿ ನೋಡಿದೆವು. "ಲೇಜಿಮು, ಹಳೆಯವು, 12, ನಿರುಪಯೋಗಿ" ಎಂಬ ಸಾಲು ಹಾಗೆಯೇ ಇದೆ, ಕೆಳಗೆ ನಮ್ಮ ಸಹಿ.