ದಾದರಿನ ಪಿಂಚಣಿದಾರರೂ ಚಿಕಿತ್ಸೆಯ ಆಯ್ಕೆಯೂ

ಮಧ್ಯ ಮತ್ತು ಪಶ್ಚಿಮ ರೈಲ್ವೆಗಳು ಕೂಡುವ ದಾದರಿನಲ್ಲಿ ನಿವೃತ್ತರ ಚಿಕಿತ್ಸೆಯ ಕಥೆ ಅವರು ದುಡಿದ ಜಾಗವನ್ನೇ ಹಿಡಿದು ಸಾಗಿದೆ.

1954ರಲ್ಲಿ ದೆಹಲಿಯಲ್ಲಿ ಶುರುವಾದ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆ, ಸಿಜಿಎಚ್‌ಎಸ್, 1963ರಲ್ಲಿ ಮುಂಬಯಿಗೆ ಬಂತು. ಇದರಲ್ಲಿ ಪಿಂಚಣಿದಾರರು ವರ್ಷವರ್ಷ ವಂತಿಗೆ ಕಟ್ಟಬಹುದು. ಹತ್ತು ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ಕಾರ್ಡು ಜೀವನಪರ್ಯಂತ. ಕೈಗೆ ಹಣ ಬಂದ ಹೊತ್ತಿನಲ್ಲೇ ಕಟ್ಟಿಬಿಡುವುದು ಜಾಣತನ. ರೈಲ್ವೆಯವರಿಗೆ ಅವರದೇ ಯೋಜನೆಯಿದೆ, ಬೈಕಲಾ ಮತ್ತು ಮುಂಬಯಿ ಸೆಂಟ್ರಲ್‌ನಲ್ಲಿ ಅವರದೇ ಆಸ್ಪತ್ರೆಗಳಿವೆ.

ಗಿರಣಿ ಕಾರ್ಮಿಕರ ಪಾಡು ಬೇರೆ. ಐದು ವರ್ಷವಾದರೂ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ವಿಮೆಯಲ್ಲಿದ್ದು ವಯೋನಿವೃತ್ತರಾದವರಿಗೆ ಈಗ ವರ್ಷಕ್ಕೆ 120 ರೂಪಾಯಿಗೆ ದಂಪತಿಗೆ ಚಿಕಿತ್ಸೆ ಸಿಗುತ್ತದೆ. ಆದರೆ 1982ರ ಮುಂಬಯಿ ಬಟ್ಟೆ ಗಿರಣಿ ಮುಷ್ಕರದಲ್ಲಿ ಕೆಲಸವನ್ನೇ ಕಳೆದುಕೊಂಡವರು ನಿವೃತ್ತರೆಂದು ಹೇಳಿಕೊಳ್ಳುವುದಾದರೂ ಹೇಗೆ? ಈ ಅನ್ಯಾಯವನ್ನು ಮರೆಯಲಾಗದು.

ದುಡಿದ ಜಾಗವಲ್ಲ, ವಯಸ್ಸೇ ಅರ್ಹತೆಯಾಗುವ ದಾರಿಯೂ ಇದೆ. ಅಮೆರಿಕದಲ್ಲಿ 1965ರ ಮೆಡಿಕೇರ್ ಆರೋಗ್ಯ ವಿಮೆ ಕಾನೂನು 65 ತುಂಬಿದವರನ್ನು ಒಂದೇ ಸೂರಿನಡಿ ತಂದಿತು. ಇಲ್ಲಿ ವಯಸ್ಸನ್ನೇ ಅರ್ಹತೆಯಾಗಿಸಿದ್ದು 2024ರ ಅಕ್ಟೋಬರಿನಲ್ಲಿ: 70 ತುಂಬಿದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ. ಖಾಸಗಿ ವಿಮೆ ಅಥವಾ ಇಎಸ್‌ಐ ಇದ್ದವರೂ ಇದನ್ನು ಪಡೆಯಬಹುದು; ಸಿಜಿಎಚ್‌ಎಸ್ ಕಾರ್ಡುದಾರರಾದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.